ಶಿಕ್ಷೆ, ಶಿಕ್ಷಣ ಮತ್ತು ಒಂದು ಕಪಾಳಮೋಕ್ಷ

ಸರ್ವ ಶಿಕ್ಷಾ ಅಭಿಯಾನ. ದೇಶದ ಎಲ್ಲ ಮಕ್ಕಳನ್ನೂ ಶಾಲೆಗೆ ತರಬೇಕು ಅಂತ ಕೇಂದ್ರ ಸರ್ಕಾರ 2000-01ರಲ್ಲಿ ಶುರು ಮಾಡಿದ ಯೋಜನೆಯ ಹೆಸರು ಇದು. ದೆಹಲಿಯಲ್ಲಿ ಕೂತು ಹೆಸರಿಟ್ಟವರ ಕಿವಿಗೆ ಇದರ ಅರ್ಥ "ಎಲ್ಲರಿಗೂ ವಿದ್ಯೆ". ನಮ್ಮ ಕಿವಿಗೆ ಮಾತ್ರ "ಎಲ್ಲರಿಗೂ ಒದೆ" :-) ಪುಣ್ಯಕ್ಕೆ ಕರ್ನಾಟಕದಲ್ಲಿ ಇದನ್ನು ಸರ್ವ ಶಿಕ್ಷಣ ಅಭಿಯಾನ ಅಂತ ಮಾಡಿದರು. ಒಂದು ಣಕಾರ ಸೇರಿಸಿ ಲಕ್ಷಾಂತರ ಮಕ್ಕಳನ್ನು ಬಚಾವ್ ಮಾಡಿದ ಹಾಗಾಯಿತು. 2018ರಲ್ಲಿ ಇದನ್ನೂ ಇನ್ನೆರಡು ಯೋಜನೆಗಳನ್ನೂ ಕೂಡಿಸಿ 'ಸಮಗ್ರ ಶಿಕ್ಷಾ' ಅಂತ ಮಾಡಿದಾಗ ಮತ್ತೆ ಅದೇ ರಿಪೇರಿ, ನಮ್ಮಲ್ಲಿ 'ಸಮಗ್ರ ಶಿಕ್ಷಣ ಕರ್ನಾಟಕ'. 2020ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯಕ್ಕೆ 'ಶಿಕ್ಷಾ ಮಂತ್ರಾಲಯ' ಅಂತ ಹೊಸ ಹೆಸರು ಬಂದಾಗಲೂ ನಮ್ಮ ಪತ್ರಿಕೆಗಳವರು ಜಾಣತನದಿಂದ ಶಿಕ್ಷಣ ಸಚಿವಾಲಯ ಅಂತಲೇ ಬರೆದರು.

ಇದನ್ನೆಲ್ಲ ಬರೀ ತಮಾಷೆ ಅಂತ ನಕ್ಕು ಬಿಟ್ಟುಬಿಡಬಹುದು. ಆದರೆ ಈ ಒಂದು ಪದದ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಎಲ್ಲೆಲ್ಲಿಗೋ ಕರ್ಕೊಂಡು ಹೋಗುತ್ತೆ. ಕಲಿಸೋದು ಮತ್ತು ಹೊಡೆಯೋದು ಒಂದೇ ಪದದೊಳಗೆ ಹೇಗೆ ಬಂದು ಕೂತವು ಅನ್ನೋದೇ ನನ್ನ ಪ್ರಶ್ನೆ.

ಮೊದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸೋಣ. ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿಗಳಲ್ಲಿ ಶಿಕ್ಷಾ ಅಂದರೆ ವಿದ್ಯಾಭ್ಯಾಸ. ಮರಾಠಿಗೆ ಬಂದ ಕೂಡಲೇ ಅದು ದಂಡನೆ, ವಿದ್ಯಾಭ್ಯಾಸಕ್ಕೆ ಶಿಕ್ಷಣ. ಅಂದರೆ ಕನ್ನಡದ ಹಾಗೆಯೇ. ಗುಜರಾತಿಯಲ್ಲೂ ಶಿಕ್ಷಾ ಅಂದರೆ ದಂಡನೆ ಅನ್ನೋ ಅರ್ಥ ಇದೆ. ತೆಲುಗಿನಲ್ಲಿ ಶಿಕ್ಷ ಅಂದರೆ ದಂಡನೆ, ಶಿಕ್ಷಣ ಅಂದರೆ ತರಬೇತಿ. (ಅಂದ ಹಾಗೆ ನಮ್ಮ 'ತರಬೇತಿ' ಅರಬ್ಬಿಯ ತರ್ಬಿಯತ್‌ನಿಂದ ಬಂದದ್ದು. ಅಚ್ಚಗನ್ನಡದ ಹಾಗೆ ಕೇಳಿಸುತ್ತೆ ಅಲ್ವಾ?) ಮಲಯಾಳದಲ್ಲೂ ಶಿಕ್ಷ ಅಂದರೆ ದಂಡನೆಯೇ.

ಇದರಿಂದ ಆಗುವ ಮಜಾ ನೋಡಿ. 1860ರ ಇಂಡಿಯನ್ ಪೀನಲ್ ಕೋಡ್ ಅನ್ನು ತೆಲುಗಿನವರು 'ಭಾರತೀಯ ಶಿಕ್ಷಾ ಸ್ಮೃತಿ' ಅಂತ ಕರೆದರು, ಮಲಯಾಳಿಗಳು 'ಇಂಡ್ಯನ್ ಶಿಕ್ಷಾ ನಿಯಮಂ' ಅಂದರು. ಲಕ್ನೋದ ಒಬ್ಬ ಮೇಷ್ಟ್ರಿಗೆ ಈ ಹೆಸರು ಕೇಳಿಸಿದರೆ ಅದು ಶಾಲೆಗೆ ಸಂಬಂಧಪಟ್ಟ ಕಾನೂನು ಅಂತಲೇ ಅನ್ನಿಸಬೇಕು. ಕೊಲೆ, ದರೋಡೆ, ಗಲ್ಲು ಎಲ್ಲ ಅದರೊಳಗಿದೆ ಅಂತ ಅವರಿಗೆ ಹೊಳೆಯೋದೇ ಇಲ್ಲ. ಸಂವಿಧಾನದ 351ನೇ ವಿಧಿ ಹಿಂದಿಗೆ ಹೊಸ ಪದ ಬೇಕಾದಾಗ ಮುಖ್ಯವಾಗಿ ಸಂಸ್ಕೃತದಿಂದ ತಗೋಬೇಕು ಅನ್ನುತ್ತೆ. ಸಂಸ್ಕೃತದ ಪದವಾದರೆ ದೇಶಕ್ಕೆಲ್ಲ ಅರ್ಥವಾಗುತ್ತೆ ಅನ್ನೋ ವಾದವನ್ನು ನಾವು ಬೇಕಾದಷ್ಟು ಕೇಳಿದ್ದೀವಿ. ಪದ ಎಲ್ಲರ ಮನೆಯಲ್ಲೂ ಇದೆ, ನಿಜ. ಅರ್ಥ ಮಾತ್ರ ಅವರವರ ಮನೆಯದ್ದು. ಹಿಂದಿಯವರ ಉಪನ್ಯಾಸವನ್ನು ದಿಂಬಿಗೊರಗಿ ಓದಬಹುದು, ಅದು ಕಾದಂಬರಿ. ನಮ್ಮ ಉಪನ್ಯಾಸದಲ್ಲಿ ಆಕಳಿಸದೆ ಕೂತಿರಬೇಕು. ಬಂಗಾಳಿಯವರು ಚೇಷ್ಟೆ ಮಾಡಿದರೆ ಅದು ಪ್ರಯತ್ನ, ನಮ್ಮ ಮಕ್ಕಳು ಮಾಡಿದರೆ ಕಿತಾಪತಿ. ಇಂಥವು ಇನ್ನೂ ಎಷ್ಟೋ ಇವೆ, ಇರಲಿ, ವಿಷಯಕ್ಕೆ ಬರ್ತೀನಿ.

ಈ ಪದ ಸಮುದ್ರವನ್ನೂ ದಾಟಿದೆ. ಥಾಯ್ಲೆಂಡಿನಲ್ಲಿ 'ಸುಕ್ಸಾ' ಅಂದರೆ ಅಧ್ಯಯನ. ಅಲ್ಲಿನ ಶಿಕ್ಷಣ ಸಚಿವಾಲಯದ ಹೆಸರಿನಲ್ಲಿ 'ಸುಕ್ಸಾಥಿಕಾನ್' ಅಂತ ಬರುತ್ತೆ. ಬಿಡಿಸಿ ನೋಡಿದರೆ ಅದು ನಮ್ಮ 'ಶಿಕ್ಷಾ' ಮತ್ತು 'ಅಧಿಕಾರ'. ಲಾವೋಸಿನಲ್ಲೂ ಹೆಚ್ಚುಕಡಿಮೆ ಅದೇ. ಥಾಯ್ ಭಾಷೆಗೆ ಇದೇ ಪದ ಇನ್ನೊಂದು ಬಾಗಿಲಿನಿಂದಲೂ ಬಂದಿದೆ, ಪಾಳಿಯ 'ಸಿಕ್ಖಾ' ಆಗಿ. ಬೌದ್ಧರಲ್ಲಿ ಸಿಕ್ಖಾ ಅಂದರೆ ಭಿಕ್ಷು ತನ್ನನ್ನು ತಾನು ಪಳಗಿಸಿಕೊಳ್ಳುವ ಅಭ್ಯಾಸ, ಪಾಲಿಸಬೇಕಾದ ಒಂದೊಂದು ನಿಯಮವೂ ಒಂದು 'ಸಿಕ್ಖಾಪದ'. ಅಲ್ಲಿ ಸನ್ಯಾಸ ಬಿಟ್ಟು ಮನೆಗೆ ಮರಳುವುದಕ್ಕೆ 'ಲಾ ಸಿಕ್ಖಾ' ಅನ್ನುತ್ತಾರೆ, ಅಂದರೆ ಶಿಕ್ಷೆಗೆ ವಿದಾಯ ಹೇಳೋದು. ನಮ್ಮ ಜೈನರ ಶ್ರಾವಕ ವ್ರತಗಳೂ ಇದೇ ಜಾತಿಯವು. ಐದು ಅಣುವ್ರತ, ಮೂರು ಗುಣವ್ರತ, ಆಮೇಲೆ ನಾಲ್ಕು ಶಿಕ್ಷಾವ್ರತ. ಅದನ್ನು 'ಪನಿಶ್‌ಮೆಂಟ್ ವ್ರತ' ಅಂತ ಓದಿದರೆ ಕೆಟ್ಟಿತು!

ಥಾಯ್ಲೆಂಡಿನಿಂದ ಕೆಳಗಿಳಿದು ಮಲಯ ದೇಶಕ್ಕೆ, ಇಂಡೋನೇಷ್ಯಾಕ್ಕೆ ಬನ್ನಿ. ಅಲ್ಲಿ ಗುರು ಅಂದರೆ ಮೇಷ್ಟ್ರು, ಇಂಡೋನೇಷ್ಯಾದಲ್ಲಿ ಸಿಸ್ವಾ (ನಮ್ಮ ಶಿಷ್ಯ) ಅಂದರೆ ವಿದ್ಯಾರ್ಥಿ, ಮಹಾಸಿಸ್ವಾ ಅಂದರೆ ಕಾಲೇಜು ವಿದ್ಯಾರ್ಥಿ. ಗುರುವೂ ಇದ್ದಾನೆ, ಶಿಷ್ಯನೂ ಇದ್ದಾನೆ, ಹಾಗಾದರೆ ಸಿಕ್ಸಾ? ಸಿಕ್ಸಾ ಅಂದರೆ ಚಿತ್ರಹಿಂಸೆ! ಮಲಯದಲ್ಲಿ ಅದನ್ನೇ 'ಸೆಕ್ಸಾ' ಅನ್ನುತ್ತಾರೆ. ನರಕದಲ್ಲಿ ಪಾಪಿಗಳು ಅನುಭವಿಸೋದು ಸಿಕ್ಸಾ. ಸತ್ತ ಮೇಲೆ ಗೋರಿಯೊಳಗೆ ಆಗುವ ಯಾತನೆ 'ಸಿಕ್ಸಾ ಕುಬುರ್', ಈ ಹೆಸರಿನ ಒಂದು ದೆವ್ವದ ಸಿನಿಮಾವೇ 2024ರಲ್ಲಿ ಬಂತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯನ್ನು ಇಂಡೋನೇಷ್ಯಾ 1998ರಲ್ಲಿ ಒಪ್ಪಿಕೊಂಡಾಗ ಚಿತ್ರಹಿಂಸೆಗೆ ಬಳಸಿದ್ದೂ ಇದೇ ಸಿಕ್ಸಾದಿಂದ ಕಟ್ಟಿದ ಪದವನ್ನೇ. ಆದರೆ ಅದೇ ದೇಶದ ಜಾವಾ ದ್ವೀಪದ ಪಶ್ಚಿಮ ಭಾಗದಲ್ಲಿ 1518ರಲ್ಲಿ ಹಳೆಯ ಸುಂಡ ಭಾಷೆಯಲ್ಲಿ ಒಂದು ತಾಳೆಗರಿ ಗ್ರಂಥ ಬರೆದರು, 'ಸಂಘ್ಯಂಗ್ ಸಿಕ್ಸಾ ಕಂಡಂಗ್ ಕರೆಸಿಯಾನ್' ಅಂತ. ಅದರಲ್ಲಿ ಹಿಂಸೆ ಗಿಂಸೆ ಏನೂ ಇಲ್ಲ. ಮನುಷ್ಯ ಹೇಗೆ ನಡೆದುಕೊಳ್ಳಬೇಕು, ಯಾವ ವಿಷಯವನ್ನು ಯಾರನ್ನು ಕೇಳಿ ತಿಳಿಯಬೇಕು ಅನ್ನುವ ಉಪದೇಶ ಇದೆ. ಅಂದರೆ ಐನೂರು ವರ್ಷದ ಹಿಂದೆ ಅಲ್ಲೂ ಅದು ಪಾಠವೇ ಆಗಿತ್ತು! ಇಂದಿನ ಇಂಡೋನೇಷ್ಯಾ ಭಾಷೆಯಲ್ಲಿ 'ಮೆಂಗಾಜಾರ್' ಅಂದರೆ ಪಾಠ ಹೇಳು, 'ಮೆಂಘಾಜಾರ್' ಅಂದರೆ ಚೆನ್ನಾಗಿ ಬಾರಿಸು. ಮೇಷ್ಟ್ರಿಗೂ ರೌಡಿಗೂ ನಡುವೆ ಒಂದು ಹಕಾರದ ಅಂತರ.

ಹಾಗಾದರೆ ನಮ್ಮಲ್ಲಿ ಇದು ದಂಡನೆ ಆಗಿದ್ದು ಯಾಕೆ, ಹಿಂದಿಯಲ್ಲಿ ಯಾಕೆ ಆಗಲಿಲ್ಲ? ನನಗೆ ತೋಚಿದ ಒಂದು ಕಾರಣ ಹೇಳ್ತೀನಿ. ಹಿಂದಿಗೆ ಪಾರ್ಸಿಯಿಂದ ಬಂದ 'ಸಜಾ' ಕೈಗೆ ಸಿಕ್ಕಿತ್ತು. ಕೋರ್ಟಿನಿಂದ ಹಿಡಿದು ಅಡುಗೆಮನೆವರೆಗೆ ಅದೇ ಸಾಕಾಯಿತು, ಶಿಕ್ಷಾ ಪಾಡಿಗೆ ಶಿಕ್ಷಾ ಶಾಲೆಯಲ್ಲಿ ಉಳಿಯಿತು. ಕನ್ನಡದಲ್ಲಿ ಏನಾಯಿತು ಅಂದರೆ, ಶಿಕ್ಷೆಯ ಹಳೇ ಸಂಸ್ಕೃತ ಪದ 'ದಂಡ' ಸವೆದು ಸವೆದು ಬರೀ ದುಡ್ಡಿನ ದಂಡಕ್ಕೆ ಇಳಿಯಿತು. ದಂಡ ಕಟ್ಟೋದು ಅಂದರೆ ಜುಲ್ಮಾನೆ ಕಟ್ಟೋದು. ಅಷ್ಟೇ ಅಲ್ಲ, 'ಇವನು ದಂಡ' ಅಂದರೆ ಪ್ರಯೋಜನಕ್ಕೆ ಬಾರದವನು ಅಂತಾಯಿತು. ಖಾಲಿಯಾದ ಜಾಗಕ್ಕೆ ಶಿಕ್ಷೆ ಬಂದು ಕೂತಿತು. ಆದರೆ ಈ ವಾದದಲ್ಲಿ ಒಂದು ತೂತಿದೆ. ಸಜಾ ಮರಾಠಿಯಲ್ಲೂ ಇದೆ, ನಮ್ಮ ಜೈಲುಗಳ 'ಸಜಾಬಂಧಿ'ಗಳಲ್ಲೂ ಇದೆ, ಆದರೂ ಇಲ್ಲೆಲ್ಲ ಶಿಕ್ಷೆ ದಂಡನೆಯೇ ಆಯಿತು. ಹಾಗಾಗಿ ಇದನ್ನು ಅರ್ಧ ಕಾರಣ ಅಂತ ಇಟ್ಟುಕೊಳ್ಳಿ. ಇನ್ನರ್ಧ ಪದದ ಒಳಗೇ ಇರಬೇಕು.

ಒಳಗೆ ಇಳಿದರೆ ಸಿಗೋದು ತುಂಬಾ ಚಂದದ ವಿಷಯ. ಶಿಕ್ಷಾ ಹುಟ್ಟಿದ್ದು 'ಶಕ್' ಧಾತುವಿನಿಂದ ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಶಕ್ತಿ, ಶಕ್ಯ ಬಂದ ಧಾತುವೇ ಅದು. ಸಂಸ್ಕೃತದಲ್ಲಿ ಒಂದು ಕೆಲಸವನ್ನು ಮಾಡಬೇಕು ಅನ್ನುವ ಆಸೆಯನ್ನು ಹೇಳೋಕೆ ಧಾತುವನ್ನೇ ಬದಲಾಯಿಸುವ ಒಂದು ವಿಧಾನ ಇದೆ. ತಿಳಿಯುವ ಆಸೆ ಜಿಜ್ಞಾಸೆ, ಕುಡಿಯುವ ಆಸೆ ಪಿಪಾಸೆ, ಬಿಡುಗಡೆಯ ಆಸೆ ಇದ್ದವನು ಮುಮುಕ್ಷು. ಪಾಲು ಬೇಕು ಅನ್ನುವ ಆಸೆ ಭಿಕ್ಷೆ. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಪದ ಶಿಕ್ಷೆ, 'ನನಗೂ ಇದು ಮಾಡೋಕೆ ಬರಬೇಕು' ಅನ್ನುವ ಆಸೆ. ಸೈಕಲ್ ತುಳಿಯೋ ಅಣ್ಣನನ್ನು ನೋಡುತ್ತಾ ನಿಂತ ಪುಟ್ಟ ಹುಡುಗನ ಮುಖದಲ್ಲಿ ಇರುತ್ತಲ್ಲ, ಅದು.

ಋಗ್ವೇದದ ಏಳನೇ ಮಂಡಲದ 103ನೇ ಸೂಕ್ತ ಕಪ್ಪೆಗಳ ಬಗ್ಗೆ ಇದೆ. ಮಳೆ ಬಿದ್ದ ಮೇಲೆ ಒಂದು ಕಪ್ಪೆ ವಟಗುಟ್ಟಿದ್ದನ್ನು ಇನ್ನೊಂದು ಕಪ್ಪೆ ಹಾಗೇ ಒಪ್ಪಿಸುತ್ತೆ, ಗುರು ಹೇಳಿದ್ದನ್ನು ಶಿಷ್ಯ ತಿರುಗಿ ಹೇಳುವ ಹಾಗೆ ಅಂತ ಕವಿ ಹೋಲಿಸುತ್ತಾನೆ. ಅಲ್ಲಿ ಗುರುವಿಗೆ ಬಳಸಿದ ಪದ 'ಶಾಕ್ತ', ಬಲ್ಲವನು. ಶಿಷ್ಯನಿಗೆ 'ಶಿಕ್ಷಮಾಣ', ಬಲ್ಲವನಾಗಲು ಬಯಸುವವನು. ಎರಡೂ ಶಕ್ ಧಾತುವಿನ ಮಕ್ಕಳೇ. ಮಗ್ಗಿ ಒಪ್ಪಿಸುವ ಒಂದನೇ ಕ್ಲಾಸನ್ನು ಯಾರಾದರೂ ಹೊರಗಿನಿಂದ ಕೇಳಿಸಿಕೊಂಡಿದ್ದರೆ ಈ ಋಷಿ ಎಷ್ಟು ಸರಿಯಾಗಿ ಹೇಳಿದ್ದಾನೆ ಅಂತ ಗೊತ್ತಾಗುತ್ತೆ. ಇಲ್ಲಿ ಬೆತ್ತದ ಸುಳಿವೇ ಇಲ್ಲ. ಮಳೆ ಇದೆ, ಕಪ್ಪೆ ಇದೆ.

ಆಮೇಲೆ ಶಿಕ್ಷಾ ಅನ್ನೋದು ಒಂದು ಶಾಸ್ತ್ರದ ಹೆಸರಾಯಿತು. ಆರು ವೇದಾಂಗಗಳಲ್ಲಿ ಅದೂ ಒಂದು, ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗಕ್ಕೆ ಶೀಕ್ಷಾವಲ್ಲೀ ಅಂತಲೇ ಹೆಸರು (ಅಲ್ಲಿ ದೀರ್ಘ 'ಶೀ'). ವರ್ಣ, ಸ್ವರ, ಮಾತ್ರೆ, ಬಲ ಅಂತ ಅದರಲ್ಲಿ ಪಟ್ಟಿ ಬರುತ್ತೆ. ಪಾಣಿನಿಯ ಹೆಸರಿನಲ್ಲಿರುವ ಪಾಣಿನೀಯ ಶಿಕ್ಷಾ ಅನ್ನುವ ಪುಟ್ಟ ಗ್ರಂಥದಲ್ಲಿ ಕೆಟ್ಟದಾಗಿ ಓದುವವರು ಆರು ಜನ ಅಂತ ಹೇಳಿದೆ: ರಾಗ ಎಳೆಯುವವನು, ಓಡಿಸುವವನು, ತಲೆ ಆಡಿಸುವವನು, ಅರ್ಥ ಗೊತ್ತಿಲ್ಲದವನು, ಗಂಟಲು ಸಣ್ಣದಿರುವವನು, ಮತ್ತೆ ಕೇಳಿ, ಬರೆದದ್ದನ್ನು ನೋಡಿಕೊಂಡು ಓದುವವನು! ಬ್ಲಾಗಿಗರಾದ ನಾವೆಲ್ಲ ಫೇಲ್. ಅಕ್ಷರಗಳನ್ನು ಹೇಗೆ ಉಚ್ಚರಿಸಬೇಕು ಅನ್ನೋದಕ್ಕೆ ಅಲ್ಲಿ ಒಂದು ಹೋಲಿಕೆ ಇದೆ, ನನಗೆ ಬಹಳ ಇಷ್ಟ. ಹೆಣ್ಣು ಹುಲಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವಾಗ ಅದು ಜಾರಿ ಬೀಳಲೂಬಾರದು, ಹಲ್ಲು ಚುಚ್ಚಲೂಬಾರದು, ಹಾಗೆ.

ಈಗ ಕಪಾಳಮೋಕ್ಷಕ್ಕೆ ಬಂದೆ. ಕ್ರಿಸ್ತಪೂರ್ವ ಎರಡನೇ ಶತಮಾನದ ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ಪುಟಾಣಿ ದೃಶ್ಯ ಇದೆ. ಉದಾತ್ತ ಸ್ವರ ಹೇಳಬೇಕಾದ ಕಡೆ ಅನುದಾತ್ತ ಹೇಳಿದ ಹುಡುಗನಿಗೆ ಖಂಡಿಕೋಪಾಧ್ಯಾಯ 'ಚಪೇಟಾ' ಕೊಡುತ್ತಾನೆ, ಬೇರೇನೋ ಹೇಳ್ತಾ ಇದ್ದೀಯ ಅಂತ. ಚಪೇಟಾ ಅಂದರೆ ಏಟು, ಅಂಗೈಯಲ್ಲಿ ಕೊಡೋ ಏಟು. ವ್ಯಾಕರಣದ ಯಾವುದೋ ಗಹನವಾದ ಚರ್ಚೆಯ ಮಧ್ಯೆ ಎಲ್ಲರಿಗೂ ಗೊತ್ತಿರೋ ಮಾತು ಅನ್ನೋ ಹಾಗೆ ಪತಂಜಲಿ ಇದನ್ನು ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಆದರೆ ನನಗೆ ಅಲ್ಲಿಂದ ಮುಂದಕ್ಕೆ ಹೋಗೋಕಾಗಲಿಲ್ಲ. ಉಚ್ಚಾರಣೆಯ ಶಿಕ್ಷಾ ಮತ್ತು ಕೆನ್ನೆಯ ಶಿಕ್ಷೆ ಒಂದೇ ಕೋಣೆಯಲ್ಲಿ ಭೇಟಿಯಾದದ್ದು ಇಲ್ಲೇ ಅನ್ನಿಸಿತು. ಪದದ ಅರ್ಥ ಆಗಿನ್ನೂ ಬದಲಾಗಿರಲಿಲ್ಲ. ಸಂಸ್ಕೃತ ಕೋಶಗಳಲ್ಲಿ ಶಿಕ್ಷಾ ಪದಕ್ಕೆ ದಂಡನೆ ಅನ್ನುವ ಅರ್ಥ ಬಂದರೂ ಬಾಲದ ತುದಿಯಲ್ಲಿ ಬರುತ್ತೆ. ಕೈ ಮಾತ್ರ ಆಗಲೇ ಎದ್ದಿತ್ತು.

ಕಲಿಸು ಮತ್ತು ದಂಡಿಸು ಅನ್ನುವ ಎರಡೂ ಅರ್ಥವನ್ನು ಆ ಕಾಲದಲ್ಲಿ ಹೊತ್ತಿದ್ದ ಧಾತು ಇನ್ನೊಂದು, 'ಶಾಸ್'. ಶಾಸ್ತ್ರ, ಶಾಸನ, ಶಿಷ್ಯ ಬಂದದ್ದು ಇದರಿಂದ. ನಮ್ಮ 'ತಕ್ಕ ಶಾಸ್ತಿ ಆಯ್ತು' ಅನ್ನೋದರಲ್ಲಿರುವ ಶಾಸ್ತಿಯೂ ಇದರದ್ದೇ. ಗೌತಮ ಧರ್ಮಸೂತ್ರದಲ್ಲಿ ಎರಡನೇ ಅಧ್ಯಾಯದ ಕೊನೆಯ ಕಡೆ ಮೂರು ಚಿಕ್ಕ ಸೂತ್ರಗಳಿವೆ. ಶಿಷ್ಯನನ್ನು ಹೊಡೆಯದೆ ತಿದ್ದಬೇಕು. ಆಗದೇ ಹೋದರೆ ತೆಳ್ಳಗಿನ ಹಗ್ಗ ಅಥವಾ ಸೀಳಿದ ಬಿದಿರು. ಬೇರೆ ಯಾವುದರಿಂದಾದರೂ ಹೊಡೆದರೆ ಆ ಗುರುವನ್ನು ರಾಜ ದಂಡಿಸಬೇಕು. ಹುಡುಗ 'ಶಿಷ್ಯ', ಅವನನ್ನು ತಿದ್ದೋದು 'ಶಿಷ್ಟಿ', ಮಿತಿ ಮೀರಿದ ಗುರು 'ಶಾಸ್ಯ'. ಮೂರಕ್ಕೂ ಒಂದೇ ಧಾತು! ಮನುಸ್ಮೃತಿಯಲ್ಲೂ (8ನೇ ಅಧ್ಯಾಯ) ಹಗ್ಗ ಮತ್ತು ಬಿದಿರು ಬರುತ್ತೆ, ಬೆನ್ನಿನ ಮೇಲೆ ಮಾತ್ರ, ತಲೆಗೆ ಹೊಡೆಯಕೂಡದು ಅಂತ. ಆದರೆ ಅಲ್ಲಿ ಶಿಷ್ಯನ ಜೊತೆ ಹೆಂಡತಿ, ಮಗ, ಆಳು, ತಮ್ಮ ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದೆ. ನನಗೇನೋ ಗೌತಮನೇ ವಾಸಿ. ಅವನ ಮೊದಲ ಸೂತ್ರ ಹೊಡೆಯಬೇಡ ಅಂತಲೇ ಶುರುವಾಗುತ್ತೆ.

ಇದು ಬರೀ ನಮ್ಮ ಸಂಸ್ಕೃತಿಯ ತಪ್ಪು ಅಂತ ಹೊರಡಬೇಡಿ. ಗ್ರೀಕಿನಲ್ಲಿ ಮಗುವನ್ನು ಬೆಳೆಸಿ ವಿದ್ಯೆ ಕೊಡೋದಕ್ಕೆ ಇದ್ದ ಕ್ರಿಯಾಪದಕ್ಕೇ ಬೈಬಲಿನ ಹೊಸ ಒಡಂಬಡಿಕೆಯ ಹೊತ್ತಿಗೆ ದಂಡಿಸು ಅನ್ನೋ ಅರ್ಥವೂ ಸೇರಿತ್ತು. ತಂದೆ ಮಗನನ್ನು ತಿದ್ದುವ ಮಾತು ಬರುವಲ್ಲಿ ಕನ್ನಡ ಬೈಬಲಿನಲ್ಲಿ 'ಶಿಕ್ಷಿಸು' ಅಂತ ಹಾಕಿದ್ದಾರೆ. ಎಷ್ಟು ಸರಿಯಾದ ಪದ ಸಿಕ್ಕಿದೆ ನೋಡಿ. ಅರಬ್ಬಿಯ 'ತಅದೀಬ್' ಪದದಲ್ಲೂ ಸಂಸ್ಕಾರ ಕೊಡೋದು, ದಂಡಿಸೋದು ಎರಡೂ ಇದೆ. ಚೀನೀ ಲಿಪಿಯಲ್ಲಿ 'ಕಲಿಸು' ಅನ್ನುವ ಅಕ್ಷರದ ಬಲಗಡೆಯ ಭಾಗ ಮೂಲದಲ್ಲಿ ಕೋಲು ಹಿಡಿದ ಕೈಯ ಚಿತ್ರ. ನಾವಾದರೂ ಅಷ್ಟೇ, ಸಂಸ್ಕೃತದ ಹಂಗೇ ಇಲ್ಲದೆ "ಕಲಿಸ್ತೀನಿ ತಡಿ ನಿಂಗೆ" ಅಂದಾಗ ಯಾರೂ ಸ್ಲೇಟು ಬಳಪ ತಗೊಂಡು ಬರೋದಿಲ್ಲ. ಬಂಗಾಳಿಯಲ್ಲಿ ಶಿಕ್ಷಾ ಅಂದರೆ ವಿದ್ಯೆ ಅಂದೆನಲ್ಲ, ಅಲ್ಲೂ 'ಉಚಿತ್ ಶಿಕ್ಖಾ' ಕೊಡೋದು ಅಂದರೆ ತಕ್ಕ ಪಾಠ ಕಲಿಸೋದು. ಮತ್ತೆ ನಮ್ಮ ಪುರಾಣ, ಹರಿಕಥೆ, ಯಕ್ಷಗಾನಗಳಲ್ಲಿ ದೇವರಿಗೆ 'ದುಷ್ಟಶಿಕ್ಷಕ' ಅನ್ನೋ ಬಿರುದಿದೆ. ಅದೇ 'ಶಿಕ್ಷಕ'ರಿಗೆ ನಾವು ಪ್ರತಿವರ್ಷ ಸೆಪ್ಟೆಂಬರ್ 5ಕ್ಕೆ ಹೂಗುಚ್ಛ ಕೊಡ್ತೀವಿ :-)

ಖಂಡಿಕೋಪಾಧ್ಯಾಯ ನನಗೆ ಪರಿಚಯದವನು ಅನ್ನಿಸೋಕೆ ಕಾರಣ ಇದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಬೆಂಚಿನಲ್ಲೇ ಒಬ್ಬ ಹುಡುಗ ಕೂರುತ್ತಿದ್ದ. ಲೆಕ್ಕದಲ್ಲಿ ನಮಗೆಲ್ಲ ಅವನೇ ಗತಿ. ಆದರೆ ಅವನ ಬಾಯಲ್ಲಿ ಶಾಲೆ 'ಸಾಲೆ', ಶಿಕ್ಷಕರು 'ಸಿಕ್ಸಕ್ರು'. ಅವನ ಮನೆಯಲ್ಲಿ, ಅವನ ಕೇರಿಯಲ್ಲಿ ಎಲ್ಲರೂ ಹಾಗೇ ಮಾತಾಡೋದು. ನಮ್ಮ ಕನ್ನಡ ಮೇಷ್ಟ್ರು ಗಟ್ಟಿಯಾಗಿ ಓದಿಸುವಾಗ ಪ್ರತಿ 'ಸ'ಕ್ಕೂ ಗೆಣ್ಣಿನ ಮೇಲೆ ಸ್ಕೇಲಿನ ಅಂಚಿನಲ್ಲಿ ಒಂದೊಂದು ಕೊಡೋರು. "ಶ ಅನ್ನೋ, ಶ!" ಏಟು ಬಿದ್ದಷ್ಟೂ ಅವನ ನಾಲಿಗೆ ಇನ್ನೂ ಬಿಗಿದುಕೊಳ್ಳೋದು. ನಾವು ನಗ್ತಾ ಇದ್ವಿ. ಏಳನೇ ಕ್ಲಾಸಿಗೆ ಅವನು ಬರಲಿಲ್ಲ. ಏಟಿನಿಂದಲೇ ಬಿಟ್ಟ ಅಂತ ಹೇಳಲಾರೆ, ಮನೆಯಲ್ಲಿ ಕಷ್ಟವೂ ಇತ್ತು. ಆದರೆ ಕನ್ನಡ ಪೀರಿಯಡ್ ಇದ್ದ ದಿನ ಅವನ ಹೊಟ್ಟೆ ನೋಯುತ್ತಿತ್ತು ಅನ್ನೋದು ನನಗೆ ಗೊತ್ತು, ಯಾಕೆಂದರೆ ರಜಾಚೀಟಿ ಬರೆದುಕೊಡುತ್ತಿದ್ದವನು ನಾನೇ.

'ಸಿಕ್ಖಾ' ಅಂದ ಪಾಳಿಯವರ ಗೆಣ್ಣಿಗೆ ಯಾರೂ ಹೊಡೆಯಲಿಲ್ಲ, ಅದರಲ್ಲಿ ತಿಪಿಟಕವೇ ಬಂತು. 'ಸಿಕ್ಸಾ' ಅನ್ನುವ ಇಂಡೋನೇಷ್ಯಾದವರಿಗೂ, 'ಸುಕ್ಸಾ' ಅನ್ನುವ ಥಾಯ್ ಮಂತ್ರಿಗಳಿಗೂ ಯಾರೂ ಶ ಕಲಿಸೋಕೆ ಹೋಗಲ್ಲ. ಹಿಂದಿಯವರು ದಿನಾ ಹೇಳೋ 'ಸೀಖ್ನಾ', ಮರಾಠಿಯ 'ಶಿಕಣೆ' ಎಲ್ಲ ಇದೇ ಪದ ಜನರ ಬಾಯಲ್ಲಿ ಸವೆದು ಆದದ್ದು. ಎರಡೂ ಅಂದರೆ ಕಲಿಯೋದು. ವಿಚಿತ್ರ ಏನು ಅಂದರೆ ಮರಾಠಿಯಲ್ಲಿ ಸವೆದ ರೂಪ ಕಲಿಕೆ ಆಯಿತು, ಶುದ್ಧವಾಗಿ ಉಳಿದ 'ಶಿಕ್ಷಾ' ದಂಡನೆ ಆಯಿತು. ನನ್ನ ಬೆಂಚಿನ ಹುಡುಗನ ಪರವಾಗಿ ಇದನ್ನು ಆ ಮೇಷ್ಟ್ರಿಗೆ ಹೇಳಬೇಕು ಅಂತ ಈಗಲೂ ಆಸೆ ಇದೆ.

ಸಂಸತ್ತು 2009ರಲ್ಲಿ ಮಾಡಿದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಬಾರದು ಅನ್ನುತ್ತೆ. ಕನ್ನಡದಲ್ಲಿ ಹೇಳಿದರೆ ಶಿಕ್ಷಣದ ಕಾಯ್ದೆಯೊಳಗೇ ಶಿಕ್ಷೆಗೆ ನಿಷೇಧ. ಹಿಂದಿಯಲ್ಲಿ ಈ ಮಾತಿನ ರುಚಿ ಬರೋದಿಲ್ಲ, ಅವರು 'ಶಾರೀರಿಕ ದಂಡ' ಅಂದುಬಿಡುತ್ತಾರೆ. 17ನೇ ಸೆಕ್ಷನ್ನಿನ ಎರಡನೇ ಉಪವಿಧಿ, ಇದನ್ನು ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತು ಕ್ರಮ ತಗೋಬೇಕು ಅನ್ನುತ್ತೆ. ಗೌತಮನ ಮೂರನೇ ಸೂತ್ರ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹಗ್ಗ ಮತ್ತು ಬಿದಿರಿನ ರಿಯಾಯಿತಿ ಮಾತ್ರ ಈಗ ಇಲ್ಲ. ಆಗ ದೂರು ಹೋಗಬೇಕಾಗಿದ್ದದ್ದು ರಾಜನ ಹತ್ತಿರಕ್ಕೆ, ಈಗ ಬಿಇಒ ಆಫೀಸಿಗೆ.